ಹತ್ತಬಾರದಿದ್ದ ಬಸ್ಸು

ಮಿದುಳಿಗೂ ಕ್ಷಯ ಬರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಎಂಟು ವರ್ಷದ ಮಗಳ ಜ್ವರ, ತಲೆನೋವು, ವಾಂತಿಗೆಲ್ಲ ಅದೇ ಕಾರಣ ಎಂದ ಡಾಕ್ಟರ ಮೇಲೇ ರೇಗಿಬಿಟ್ಟೆ. ಕ್ಷಯದ ಮಾತ್ರೆಗಳ ಜೊತೆ ಬಾವು ಇಳಿಸಲು ಸ್ಟೀರಾಯ್ಡ್ ಶುರುವಾಯಿತು. ಬಾವು ಇಳಿಯಿತೋ ಇಲ್ಲವೋ, ಹಸಿವಂತೂ ಏರಿತು. ಕೆನ್ನೆ ಊದಿಸಿಕೊಂಡು ಹೊತ್ತುಗೊತ್ತಿಲ್ಲದೆ ಅಕ್ಕಿಹಿಟ್ಟಿನ ಪುಟ್ಟು, ಕಡಲೆ ಸಾರು ಕೇಳುವಳು. ಬಕಾಸುರನ ತಂಗಿ ಎಂದು ರೇಗಿಸುತ್ತಿದ್ದೆ. ಒಂದು ಬೆಳಿಗ್ಗೆ ಎದುರಿಗಿದ್ದ ತಟ್ಟೆಗಾಗಿ ಕೈಯಾಡಿಸಿ ತಡಕಾಡಿದಳು. ಅವಳಿಗೆ ಕಣ್ಣು ಕಾಣುತ್ತಿರಲಿಲ್ಲ.

ಗಂಡನೂ ನಾನೂ ಅವಳನ್ನು ಕರೆದುಕೊಂಡು ಕೊಚ್ಚಿಯಿಂದ ತಿರುವನಂತಪುರಕ್ಕೆ ಓಡಿದೆವು. ರೋಗಾಣು ಸಾಯುತ್ತಿದೆ, ಆದರೆ ಅದರ ಮೇಲೆ ಮೈಗೆ ಬಂದ ಸಿಟ್ಟು ಇಳಿಯುತ್ತಿಲ್ಲ, ಆ ಬಾವು ಕಣ್ಣಿನ ನರವನ್ನು ಒತ್ತುತ್ತಿದೆ, ಸ್ಟೀರಾಯ್ಡಿಗೂ ಬಗ್ಗುತ್ತಿಲ್ಲ ಎಂದು ಅಲ್ಲಿನ ಡಾಕ್ಟರಮ್ಮ ವಿವರಿಸಿದರು. ಸಿಟ್ಟಿನಲ್ಲಿ ಅವಳು ನನ್ನನ್ನೇ ಹೋತಿದ್ದಾಳೆ ಎಂದೆ. ಅವರು ನಗಲಿಲ್ಲ. ಕೀಲುವಾತಕ್ಕೆ ಕೊಡುವ ಒಂದು ಔಷಧವನ್ನು ಡ್ರಿಪ್‌ನಲ್ಲಿ ಹಾಕಿ ನೋಡಬಹುದು. ಅದು ಮೈಯ ಕಾವಲನ್ನೂ ಸಡಿಲಿಸುತ್ತದೆ, ಕ್ಷಯ ಮತ್ತೆ ತಲೆಯೆತ್ತಲೂಬಹುದು, ಹೋದ ದೃಷ್ಟಿ ಬಂದೇ ಬರುತ್ತದೆಂದು ಮಾತು ಕೊಡಲಾರೆ ಎಂದರು. ಹೂಂ ಎಂದೆವು.

ಆಮೇಲೆ ಹೊತ್ತು ಹೊತ್ತಿಗೂ ಅವಳ ಮೂಗಿನೆದುರು ಬಾಚಣಿಗೆ, ಸೌಟು ಹಿಡಿದು ಇದೇನು ಎಂದು ಪೀಡಿಸುತ್ತಿದ್ದೆ. ಅವಳು ಮುಖ ತಿರುಗಿಸಿಬಿಡುವಳು.

ಎರಡನೆಯ ಡ್ರಿಪ್ ಮುಗಿಸಿ, ಮಾಸ್ಕ್ ಹಾಕಿಕೊಂಡು ನಾನೂ ಮಗಳೂ ಇಬ್ಬರೇ ಕೊಚ್ಚಿಯ ವೈಟ್ಟಿಲ ಬಸ್ ನಿಲ್ದಾಣದಲ್ಲಿ ಇಳಿದೆವು. ಮನೆ ಕಳಮಶ್ಶೇರಿಯಲ್ಲಿ. ಮೆಟ್ರೋದಲ್ಲಿ ಹೋದರೆ ಮತ್ತೆ ಆಟೋ ಹುಡುಕಬೇಕು. ಬಸ್ಸಾದರೆ ಕ್ವಾರ್ಟರ್ಸ್ ಗೇಟಿನೆದುರೇ ನಿಲ್ಲುತ್ತದೆ. ಗಂಡನಿಗೆ ವರ್ಗವಾಗಿ ಮೈಸೂರಿನಿಂದ ಬಂದು ವರ್ಷಗಳೇ ಆದರೂ ನನಗೆ ಮಲಯಾಳಂ ಓದಲು ಬಾರದು. ಜನ ನುಗ್ಗಿದ ಬಸ್ಸಿಗೆ ನುಗ್ಗುವುದೇ ನನ್ನ ಪದ್ಧತಿ. ಅಂದೂ ಒಂದು ಕಾಲು ಮೆಟ್ಟಿಲ ಮೇಲಿಟ್ಟಿದ್ದೆ. ಮಗಳು ದುಪಟ್ಟಾ ಜಗ್ಗಿದಳು.

"ಇದಲ್ಲ ಅಮ್ಮೇ. ಇದು ಅಂಬಲಮುಗಳ್ ಬಸ್ಸು."

"ಯಾರೇ ಹೇಳಿದ್ದು ನಿಂಗೆ?"

ಅವಳು ಬಸ್ಸಿನ ಹಣೆಯತ್ತ ಕೈ ತೋರಿಸಿದಳು. ಮಲಯಾಳಂ ಮಾತೇ ರೂಢಿಯಾದವಳು ಅಪರೂಪಕ್ಕೆ ಕನ್ನಡದಲ್ಲೇ ಗದರಿದಳು. "ಅಷ್ಟು ದೊಡ್ಡಕ್ಕೆ ಬರ್ದಿದೆ, ಕಾಣಲ್ವಾ ನಿಂಗೆ?"

ಹಿಂದಿನವರು ನೂಕುತ್ತಿದ್ದರು, ಕಂಡಕ್ಟರ್ ಬೈಯುತ್ತಿದ್ದ. ನಾನು ಇಳಿದು ಅವಳನ್ನು ಅವಚಿಕೊಂಡು ಗಿರಗಿರನೆ ತಿರುಗಿಸಿದೆ. ನಗುವೂ ಅಳುವೂ ಒಟ್ಟಿಗೇ ಬಂದು ಬಿಕ್ಕಳಿಕೆ ಹತ್ತಿತು. ಎಲ್ಲರೂ ನೋಡ್ತಾರೆ, ಬಿಡು ಎಂದು ಅವಳು ಕೊಸರಾಡಿದಳು. ನೋಡಲಿ ಬಿಡೇ ಎಂದೆ. ನಿಂತಿದ್ದ ಬಸ್ಸುಗಳ ಬೋರ್ಡನ್ನೆಲ್ಲ ಓದಿಸಿದೆ. ಕಳಮಶ್ಶೇರಿ ಎಂದೂ ಓದಿದಳು. ಆ ಬಸ್ಸು ಹೊರಟುಹೋಯಿತು. ಇನ್ನೊಂದು ಓದು ಕಂದಾ, ಇನ್ನೊಂದೇ ಒಂದು ಎಂದು ನಾನು ಗೋಗರೆಯುತ್ತಲೇ ನಿಂತಿದ್ದೆ.