ಒಂದೇ ಸಲ ಬರೆಯುವವಳು

ನನ್ನ ಚಿಕ್ಕಮ್ಮನಷ್ಟು ಸೋಮಾರಿ ಈ ಭೂಮಿಯ ಮೇಲೆ ಇನ್ನೊಬ್ಬರಿಲ್ಲ. ಬರೆದದ್ದನ್ನೇ ಎರಡನೇ ಸಲ ಬರೆ ಎಂದರೆ ಅವಳಿಗೆ ಮೈಯೆಲ್ಲ ಉರಿಯುತ್ತದೆ. ಅಂಥವಳ ಕೆಲಸ ನೋಡಿ: ನಾನು ಪಿಟೀಲು ನುಡಿಸುವ ವಾದ್ಯವೃಂದದ ಮೂವತ್ತೆರಡು ಜನರಿಗೂ ಸ್ವರಲಿಪಿಯ ಹಾಳೆ ಮಾಡಿಕೊಡುವುದು.

ಸ್ವರಗಳನ್ನು ಅಕ್ಷರಗಳಲ್ಲಿ ಟೈಪ್ ಮಾಡಿದರೆ ಅವಳ ಸಾಫ್ಟ್‌ವೇರ್ ಅವನ್ನು ಗೆರೆ, ಚುಕ್ಕಿಗಳ ಹಾಳೆಯಾಗಿಸುತ್ತದೆ. ಈ ಸಲ ಹದಿನೈದು ದಿನ ಒಂದು ಹಾಳೆಯನ್ನೂ ಕೊಡದೆ ಮ್ಯಾಕ್ರೋ ಬರೆಯುತ್ತ ಕುಳಿತಳು. ಪಲ್ಲವಿಯನ್ನು ಒಮ್ಮೆ ಬರೆದು ಹೆಸರಿಟ್ಟರೆ ಸಾಕು, ಆ ಹೆಸರು ಬರೆದಲ್ಲೆಲ್ಲ ಇಡೀ ಪಲ್ಲವಿ ಬಂದು ಕೂರುತ್ತದೆ. ಜೊತೆಗೊಂದು ಫಂಕ್ಷನ್: ಎಷ್ಟು ಮೆಟ್ಟಿಲು ಎಂದು ಅಂಕಿ ಕೊಟ್ಟರೆ ಹಾಡಿನ ಶ್ರುತಿ ಅಷ್ಟು ಇಳಿಯುತ್ತದೆ.

ವೃಂದದ ಮುಖ್ಯಸ್ಥರ ತಲೆ ಕೆಟ್ಟಿತು.

"ಏನಮ್ಮಾ, ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲೀತಾ ಕೂತಿದ್ದೀಯಲ್ಲ! ಕಾರ್ಯಕ್ರಮ ಎಡವಟ್ಟಾದ್ರೆ ನಿನ್ನ ಜಾಗಕ್ಕೆ ಬೇರೆಯವರನ್ನ ನೋಡ್ಕೋತೀನಿ."

ಹಾಳೆಗಳೇನೋ ಹಿಂದಿನ ದಿನ ಬಂದವು. ಕಾರ್ಯಕ್ರಮದ ದಿನ ಮಧ್ಯಾಹ್ನ ಮೂರಕ್ಕೆ ಗಾಯಕಿಯ ಗಂಟಲು ಕಟ್ಟಿತು.

"ಎರಡು ಮೆಟ್ಟಿಲು ಕೆಳಗಾದ್ರೆ ಹಾಡ್ತೀನಿ, ಇಲ್ಲಾಂದ್ರೆ ನನ್ನ ಕೈಲಾಗಲ್ಲ."

ಆರಕ್ಕೆ ಪರದೆ ಏಳಬೇಕು. ಮೂವತ್ತೆರಡು ಹಾಳೆ ಮೊದಲಿನಿಂದ! ಮುಖ್ಯಸ್ಥರು ಕುರ್ಚಿಯಲ್ಲಿ ಕುಸಿದರು.

ಚಿಕ್ಕಮ್ಮ ಫಂಕ್ಷನ್ನಿನಲ್ಲಿದ್ದ ಸೊನ್ನೆ ಅಳಿಸಿ ಎರಡು ಒತ್ತಿದಳು, ಅಷ್ಟೇ. ಪ್ರಿಂಟರ್ ಹಾಳೆ ಉಗುಳತೊಡಗಿತು. ತನ್ನ ಹಾಳೆ ಎತ್ತಿಕೊಂಡ ಡ್ರಮ್ಮಿನವನು ಕೂಗಿದ:

"ಅಕ್ಕಾ, ಸಣ್ಣ ಡ್ರಮ್ಮಿನ ಏಟೆಲ್ಲ ದೊಡ್ಡ ಡ್ರಮ್ಮಿಗೆ ಜಾರಿಬಿಟ್ಟಿದೆ!"

ಡ್ರಮ್ಮಿನ ಹಾಳೆಯಲ್ಲಿ ಚುಕ್ಕಿ ಕೂತ ಜಾಗವೇ ಯಾವ ಡ್ರಮ್ಮೆಂದು ಹೇಳುತ್ತದೆ; ಚುಕ್ಕಿ ಇಳಿದರೆ ಡ್ರಮ್ಮೇ ಬದಲು. ಸೋಮಾರಿತನದ ಭರದಲ್ಲಿ ಅವಳು ಡ್ರಮ್ಮನ್ನೂ ಅದೇ ಫಂಕ್ಷನ್ನಿಗೆ ಕಟ್ಟಿಹಾಕಿದ್ದಳು. ಗಾಯಕಿಯ ಗಂಟಲು ಕಟ್ಟಿದರೆ ಡ್ರಮ್ಮೇಕೆ ಇಳಿಯಬೇಕು? ಚಿಕ್ಕಮ್ಮ ನಾಲಿಗೆ ಕಚ್ಚಿಕೊಂಡು, ಡ್ರಮ್ಮಿನ ಸಾಲಿನಿಂದ ಫಂಕ್ಷನ್ನಿನ ಹೆಸರು ಕಿತ್ತುಹಾಕಿ, ಆ ಹಾಳೆಯ ಪ್ರಿಂಟ್ ಮತ್ತೆ ತೆಗೆದಳು.

ನಾಲ್ಕಕ್ಕೆಲ್ಲ ಮೂವತ್ತೆರಡು ಹಾಳೆಗಳೂ ಸ್ಟ್ಯಾಂಡಿನ ಮೇಲಿದ್ದವು. ಗಾಯಕಿ ತಗ್ಗಿದ ದನಿಯಲ್ಲೇ ಎಷ್ಟು ಚೆನ್ನಾಗಿ ಹಾಡಿದಳೆಂದರೆ ಸಭೆಗೆ ಸಭೆಯೇ ಎದ್ದು ನಿಂತಿತು. ನನಗೋ ಹೆಮ್ಮೆಯಿಂದ ಕಣ್ಣು ತುಂಬಿತ್ತು.

ಜನ ಕರಗಿದ ಮೇಲೆ ಮುಖ್ಯಸ್ಥರು ಚಿಕ್ಕಮ್ಮನ ಕೋಣೆಗೆ ಬಂದರು. ಕೂತಿದ್ದವಳು ಏಳಹೋದರೆ ಬೇಡವೆಂದು ಕೈಯಾಡಿಸಿ, ತಾವೇ ಬಾಗಿಲಲ್ಲಿ ನಿಂತುಕೊಂಡರು.

"ಮುಂದಿನ ಹಾಡಿಗೆ ಎಷ್ಟು ದಿನ ಬೇಕಮ್ಮಾ? ನೀವೇ ಹೇಳಿ."

"ಒಂದು ವಾರ ಈ ಕಡೆ ತಲೆ ಹಾಕ್ಬೇಡಿ ಸಾರ್, ಸಾಕು," ಎಂದಳು ಚಿಕ್ಕಮ್ಮ.

ಅವರು ತಲೆಯಾಡಿಸಿ, ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ಹೋದರು.