ಮಂಜಿಯ ಮೇಲೆ ಒಂದು ತಿಂಗಳು

ಮೊನ್ನೆ ಬೊರಿವಲಿಯ ಆಚೆ, ಸಮುದ್ರದ ಹಿನ್ನೀರು ಹರಿಯುವ ಖಾಡಿಯ ದಡದಲ್ಲಿ ಯಾರೋ ದೋಣಿಯೊಂದನ್ನು ಬೋರಲು ಹಾಕಿ ಮೀನೆಣ್ಣೆ ಬಳಿಯುತ್ತಿದ್ದರು. ಮೊಮ್ಮಗಳು ಮೂಗು ಮುಚ್ಚಿಕೊಂಡು ದೂರ ಸರಿದಳು. ನಾನು ಮಾತ್ರ ಅಲ್ಲೇ ನಿಂತೆ. ಆ ವಾಸನೆಯ ನಡುವೆ ನಾನು ಒಂದು ತಿಂಗಳು ಉಂಡು, ಮಲಗಿ, ಓದಿದ್ದೆ...

ಐವತ್ತರ ದಶಕದ ಮಾತು. ನನಗಾಗ ಇಪ್ಪತ್ತೊಂದು. ಹಗಲು ಫೋರ್ಟಿನ ಹೋಟೆಲೊಂದರಲ್ಲಿ ಕೆಲಸ, ಸಂಜೆಯಾದರೆ ಕನ್ನಡ ರಾತ್ರಿಶಾಲೆ. ಮೆಟ್ರಿಕ್ ಪರೀಕ್ಷೆಗೆಂದು ಒಂದು ತಿಂಗಳ ರಜೆ ಕೇಳಿದಾಗ ಧಣಿಗಳು ಇಲ್ಲವೆಂದರು. ನಾನು ಪುಸ್ತಕ ಕಟ್ಟಿಕೊಂಡು ಹೊರಬಿದ್ದೆ. ಹೋಟೆಲಿನ ಅಟ್ಟದಲ್ಲೇ ಮಲಗುತ್ತಿದ್ದುದರಿಂದ ಕೆಲಸದ ಜೊತೆಗೆ ಚಾಪೆ ಹಾಸುವ ಜಾಗವೂ ಹೋಯಿತು.

ಅದೇ ಹೋಟೆಲಿಗೆ ಚಹಾಕ್ಕೆ ಬರುತ್ತಿದ್ದ ಗಂಗೊಳ್ಳಿಯ ತಂಡೇಲರೊಬ್ಬರಿದ್ದರು. ಮಂಗಳೂರು ಹೆಂಚು ಹೊತ್ತು ಮುಂಬಯಿಗೆ ಬರುವ ಹಾಯಿಹಡಗಿಗೆ ನಮ್ಮ ಕಡೆ ಮಂಜಿ ಎನ್ನುತ್ತಾರೆ. ಅದನ್ನು ನಡೆಸುವವರೇ ತಂಡೇಲರು. ಬಾಗಿಲಲ್ಲಿ ಗಂಟು ಹಿಡಿದು ನಿಂತ ನನ್ನನ್ನು ಕಂಡು ವಿಷಯ ಕೇಳಿದರು. ಅವರು ಯೋಚಿಸಲೇ ಇಲ್ಲ.

"ನಮ್ಮ್ ಮಂಜಿಯಗೆ ಜಾಗ ಇತ್ತ್. ಬಾ ಮಾರಾಯ. ನೀನ್ ಓದುದ್ ಓದ್."

ದಾರೂಖಾನೆಯ ಬಂದರಿನಲ್ಲಿ ಮಂಜಿ ಹೆಂಚು ಇಳಿಸಿ, ಊರಿಗೆ ಮರಳುವ ಸರಕಿಗಾಗಿ ಕಾಯುತ್ತಿತ್ತು. ಚಳಿ ಹೋಗಿ ಸೆಕೆ ಇನ್ನೂ ಬಾರದ ಫಾಲ್ಗುಣದ ದಿನಗಳು. ಬೆಳಿಗ್ಗೆ ಹಿಂಬದಿಯಲ್ಲಿ, ಮಣ್ಣು ತುಂಬಿದ ಮರದ ಪೆಟ್ಟಿಗೆಯೇ ಒಲೆಯಾಗಿ, ಅದರ ಮೇಲೆ ಕುಚ್ಚಲಕ್ಕಿ ಗಂಜಿ ಬೇಯುತ್ತಿತ್ತು. ಏಳು ಜನ ಖಲಾಸಿಗಳು ಹಾಯಿ ಹರಡಿಕೊಂಡು ದಬ್ಬಳದಿಂದ ಹೊಲಿಯುತ್ತಿದ್ದರು, ಹಗ್ಗ ಹೊಸೆಯುತ್ತಿದ್ದರು, ನಡುನಡುವೆ ಕೊಂಕಣಿಯಲ್ಲಿ ಜಗಳವಾಡುತ್ತಿದ್ದರು. ನಾನು ಹಾಯಿ ಕಟ್ಟುವ ಕೂವೆಮರದ ನೆರಳು ಸರಿದಂತೆ ಸರಿಯುತ್ತ ಓದುತ್ತಿದ್ದೆ.

ತಂಡೇಲರಿಗೆ ಅಕ್ಷರ ಬರುತ್ತಿರಲಿಲ್ಲ. ಆದರೂ ದಿನಕ್ಕೊಮ್ಮೆ ಬಂದು, ಇಂದೇನು ಓದಿದೆ ಎಂದು ಕೇಳದೆ ಬಿಡುತ್ತಿರಲಿಲ್ಲ. ಒಮ್ಮೆ ಪಶ್ಚಿಮ ಕರಾವಳಿಯ ಬಂದರುಗಳನ್ನು ಓದಿ ಹೇಳಿದಾಗ ಗಟ್ಟಿಯಾಗಿ ನಕ್ಕರು. ರತ್ನಗಿರಿಯಲ್ಲಿ ಲಂಗರು ಎಲ್ಲಿ ಕಚ್ಚುತ್ತದೆ, ಮಾಲ್ವಣದಲ್ಲಿ ಬಂಡೆ ಎಲ್ಲಿದೆ, ಯಾವ ಊರಿನ ಬಾವಿ ನೀರು ಸಿಹಿ ಎಂದು ಒಂದು ಗಂಟೆ ಹೇಳಿದರು. ಆ ಪಾಠ ನಾನು ಇಂದಿಗೂ ಮರೆತಿಲ್ಲ.

ಹೋಳಿ ಬಂತು. ತಂಡೇಲರೂ ಖಲಾಸಿಗಳೂ ಕಡಲನ್ನೇ ನಂಬಿದ ಖಾರ್ವಿ ಜನ; ಅವರಿಗೆ ಅದಕ್ಕಿಂತ ದೊಡ್ಡ ಹಬ್ಬವಿಲ್ಲ. ನನ್ನ ಓದು ಕೆಡಬಾರದೆಂದು ಅವರು ಗುಮಟೆ ವಾದ್ಯ, ಕುಣಿತ ಎಲ್ಲವನ್ನೂ ಪಕ್ಕದ ಮಂಜಿಗೆ ಸಾಗಿಸಿದರು. ತಳಕ್ಕೆ ಮೀನೆಣ್ಣೆ ಬಳಿಯಲೆಂದು ಹಬ್ಬದ ಹಿಂದಿನ ದಿನವೇ ನಮ್ಮ ಮಂಜಿಯನ್ನು ಕೆಸರುದಿಣ್ಣೆಯ ಹತ್ತಿರಕ್ಕೆ ಎಳೆದಿದ್ದರು.

ಹಬ್ಬದ ಮರುದಿನ ಹತ್ತು ಗಂಟೆಗೆ ವಿಲೆ ಪಾರ್ಲೆಯಲ್ಲಿ ನನ್ನ ಮೊದಲ ಪರೀಕ್ಷೆ. ಬೆಳಿಗ್ಗೆ ಎದ್ದು ನೋಡಿದರೆ ಸುತ್ತ ನೀರೇ ಇಲ್ಲ. ಹುಣ್ಣಿಮೆಯ ಇಳಿತಕ್ಕೆ ಸಮುದ್ರ ದೂರ ಸರಿದಿತ್ತು. ದಡದವರೆಗೂ ಕಪ್ಪು ಕೆಸರು. ದಡಕ್ಕೆ ಹೋಗಿಬರುವ ಸಣ್ಣ ದೋಣಿ ಅದರಲ್ಲಿ ಹೂತು ಕುಳಿತಿತ್ತು. ನೀರು ಬರುವವರೆಗೆ ಕಾದರೆ ಪರೀಕ್ಷೆ ಮುಗಿದಂತೆಯೇ.

"ನಿನ್ನೆಯೇ ನಿನ್ನ ದಡಕ್ಕೆ ಬಿಡ್ಕಿತ್ತ್," ಎಂದರು ತಂಡೇಲರು. "ಹಬ್ಬದ ಗೌಜಿಯಗೆ ಮರ್ತೆ. ತಪ್ಪ್ ನಂದೇ."

ನಾನು ನಡೆದೇ ಹೋಗುತ್ತೇನೆಂದು ಪಂಚೆ ಎತ್ತಿ ಕಟ್ಟಿದೆ. ಅವರು ತಡೆದರು. ಕೆಸರು ಮೆದು ಎಲ್ಲಿ, ಗಟ್ಟಿ ಎಲ್ಲಿ ಎಂದು ನನಗೆ ತಿಳಿಯದು. ಅವರೇ ಏಣಿಯಿಳಿದು, ಬೆನ್ನು ತಿರುಗಿಸಿ ನಿಂತು, "ಹತ್ತ್" ಎಂದರು. ಮೀಸೆ ಬಂದ ಗಂಡಸು ನಾನು, ನಾಚಿಕೆಯಿಂದ ಆ ಹೆಗಲೇರಿ ಕುಳಿತೆ. ನನ್ನ ತಲೆಯ ಮೇಲೆ ಪುಸ್ತಕ, ಹಾಲ್ ಟಿಕೆಟ್. ತೊಡೆಯವರೆಗೆ ಹೂತುಹೋಗುತ್ತ, ಒಂದೊಂದು ಕಾಲನ್ನೂ ಕಿತ್ತಿಡುತ್ತ ಅವರು ನಡೆದರು. ನಡುವೆ ಒಮ್ಮೆ ತಟ್ಟನೆ ನಿಂತು ಹಲ್ಲು ಕಚ್ಚಿದರು. ಮತ್ತೆ ನಡೆದರು.

ದಡದ ಕಲ್ಲಿನ ಮೇಲೆ ನನ್ನನ್ನು ಇಳಿಸಿದಾಗ ಅವರ ಬಲಗಾಲ ಕೆಸರಿನಿಂದ ರಕ್ತ ಇಳಿಯುತ್ತಿತ್ತು. ಚಿಪ್ಪು ಕೊಯ್ದಿತ್ತು. ನಾನು ಬಗ್ಗಿದೆ. ಅವರು ನನ್ನ ಭುಜ ಹಿಡಿದು ಎತ್ತಿದರು. "ನೋಡ್ತಾ ನಿಲ್ಬೇಡ. ರೈಲ್ ತಪ್ಪತ್ತ್."

ರೈಲು ತಪ್ಪಲಿಲ್ಲ. ಅಂದಿನ ಪತ್ರಿಕೆಯನ್ನೂ ಉಳಿದವನ್ನೂ ಚೆನ್ನಾಗಿಯೇ ಬರೆದೆ. ಪರೀಕ್ಷೆ ಮುಗಿದ ವಾರದಲ್ಲೇ ಮಂಜಿ ಊರಿಗೆ ಹಾಯಿ ಬಿಚ್ಚಿತು. ಕಾಲಿಗೆ ಬಟ್ಟೆ ಸುತ್ತಿಕೊಂಡು ಚುಕ್ಕಾಣಿಯ ಬಳಿ ನಿಂತಿದ್ದ ತಂಡೇಲರು ಕೈಯೆತ್ತಿದರು. ಮಳೆಗಾಲದಲ್ಲಿ ಫಲಿತಾಂಶ ಬಂತು. ಪಾಸಾಗಿ, ಘಾಟ್ಕೋಪರಿನ ಕಚೇರಿಯೊಂದರಲ್ಲಿ ಗುಮಾಸ್ತನಾದೆ.

ಮಳೆ ಮುಗಿದ ಮೇಲೆ ಅದೇ ಮಂಜಿ ಬಂತು. ಚುಕ್ಕಾಣಿಯ ಬಳಿ ಇದ್ದವನು ಅವರ ತಮ್ಮ.

"ಅಣ್ಣನ ಕಾಲ್ ನಂಜಾಯ್ತ್. ಎರಡ್ ಬೆರಳ್ ತೆಗೆದ್ರ್. ಇನ್ನ್ ಮಂಜಿ ಹತ್ತೂಕೆ ಆತಿಲ್ಲೆ," ಎಂದ. ಸ್ವಲ್ಪ ತಡೆದು ಮತ್ತೆ ಹೇಳಿದ: "ನೀವ್ ಪಾಸಾದ್ರಾ ಕೇಂಡ್ಕಂಡ್ ಬಾ ಅಂದಿದ್ದ. ಕಾಲಿನ್ ಸುದ್ದಿ ಮಾತ್ರ ಹೇಳ್ಬೇಡ ಅಂದಿದ್ದ. ನಂಗೆ ಹೇಳ್ದೆ ಇಪ್ಪುಕೆ ಆಯ್ಲಿಲ್ಲೆ."

ಮರುವರ್ಷ ರಜೆ ಹಾಕಿ ಗಂಗೊಳ್ಳಿಗೆ ಹೋದೆ. ಕುಂಟುತ್ತಲೇ ಬಂದು ಕೈಹಿಡಿದರು. ಕಾಲಿನ ಮಾತೆತ್ತಿದಾಗಲೆಲ್ಲ ಬೇರೆ ಮಾತು ತೆಗೆದರು. ಸಂಜೆ ಅಳಿವೆಯಲ್ಲಿ ಸಣ್ಣ ದೋಣಿಯಲ್ಲಿ ಕೂರಿಸಿಕೊಂಡು ತಾವೇ ಹುಟ್ಟು ಹಾಕಿದರು. ಕಚೇರಿಯಲ್ಲಿ ನನ್ನ ಮೇಜು ಎಷ್ಟು ದೊಡ್ಡದು, ಕಿಟಕಿ ಇದೆಯೇ, ಗಾಳಿ ಯಾವ ಕಡೆಯಿಂದ ಬರುತ್ತದೆ... ಎಲ್ಲ ಕೇಳಿದರು.

ನಾಲ್ಕೈದು ವರ್ಷಗಳ ನಂತರ ಅವರು ತೀರಿಕೊಂಡ ಸುದ್ದಿ ನನ್ನನ್ನು ತಲುಪುವಾಗ ತಿಂಗಳುಗಳೇ ಕಳೆದಿದ್ದವು. ಈಗ ನನಗೆ ಅವರು ಬದುಕಿದ್ದಕ್ಕಿಂತ ಹೆಚ್ಚು ವಯಸ್ಸು. ಹೆಂಚು ಹೊತ್ತ ಮಂಜಿ ಮುಂಬಯಿಗೆ ಬರುವುದು ನಿಂತುಹೋಗಿ ಎಷ್ಟೋ ಕಾಲವಾಯಿತು. ಅವರಲ್ಲಿ ಕ್ಷಮೆ ಕೇಳಲು ನನಗಾಗಲಿಲ್ಲ. ಕೇಳಲು ಅವರು ಬಿಡಲಿಲ್ಲ ಎನ್ನುವುದೇ ಸರಿ.