ಟೀವಿಯವರಿಗೆ ಹೇಳುವ ಹೆಸರು

ಕೇಳ್ರೆವ್ವಾ, ನಾಳೆ ಹಾನಗಲ್ಲಿನ ನಮ್ಮ ರೊಟ್ಟಿ ಅಂಗಡಿಗೆ ಟೀವಿಯವರು ಬರುತ್ತಾರೆ. ಇವತ್ತು ಮೊಮ್ಮಗಳು ಮೊಬೈಲ್ ಹಿಡಿದು ನನಗೆ ಪಾಠ ಮಾಡಿದಳು.

"ಅಂಗಡಿ ಯಾರು ಶುರು ಮಾಡಿದ್ರು ಅಂತ ಕೇಳಿದ್ರ, ನಾನ ಅನ್ನು ಅಜ್ಜಿ."

"ಶುರು ಮಾಡಿದಾಕಿ ನನ್ನ ನೆಗೆಣ್ಣಿ ಗಂಗವ್ವ. ಆಕಿ ಬಡೀತಿದ್ಲು, ನಾ ಬೇಯಿಸ್ತಿದ್ನಿ."

"ಸತ್ತವರ ಸುದ್ದಿ ಯಾಕ? ಮಾಲಕಿ ಒಬ್ಬಾಕಿನ ಇರಬೇಕು. ಆಕಿ ಕುಂದರೋ ಮಣಿನೂ ತಗೀತೇನಿ, ಖಾಲಿ ಕಾಣತೈತಿ."

"ಮಣಿ ಮುಟ್ಟಿ ನೋಡು, ಕೈಮ್ಯಾಲ ಬರೆ ಎಳೀತೇನಿ!"

ಗಿರಾಕಿಗಳು ರೊಟ್ಟಿ ಹೊಗಳಿದಾಗ, ಅದು ಗಂಗವ್ವನ ಕೈಗುಣ ಎಂದು ಅವಳು ಬದುಕಿದ್ದಾಗ ನಾನು ಒಮ್ಮೆಯೂ ಹೇಳಲಿಲ್ಲ. ಸುಮ್ಮನೆ ಹಲ್ಲು ಕಿರಿದೆ. ನಾಳೆ ಹೇಳುತ್ತೇನೆ, ಊರೆಲ್ಲ ಕೇಳುತ್ತದೆ. ಕೇಳಬೇಕಾದವಳೇ ಇಲ್ಲ. ರೊಟ್ಟಿ ಬಡಿಯುವುದರಲ್ಲೂ ಸಾಯುವುದರಲ್ಲೂ ಅವಳಿಗೆ ಅವಸರವೇ.